ಮಾತ್ರೆ ತಂದ ಕೆಮ್ಮು

ಬಿ.ಪಿ. ಇದೆ ಎಂದು ನ್ಯಾಮತಿಯ ಡಾಕ್ಟರು ಮಾತ್ರೆ ಬರೆದುಕೊಟ್ಟ ಕೆಲವೇ ವಾರಗಳಲ್ಲಿ ನನಗೆ ಕೆಮ್ಮು ಹತ್ತಿಕೊಂಡಿತು. ಕಫವಿಲ್ಲ, ಜ್ವರವಿಲ್ಲ, ಬರೀ ಒಣಕೆಮ್ಮು. ಅದಕ್ಕೂ ಮಾತ್ರೆಗೂ ಸಂಬಂಧ ಇದ್ದೀತೆಂದು ಸವಳಂಗದ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನ್ನ ಸೊಸೆಗಂತೂ ಡಾಕ್ಟರಿಗಿಂತ ಮೊದಲೇ ಎಲ್ಲ ಗೊತ್ತಾಗಿಬಿಟ್ಟಿತು.

"ಟಿ.ಬಿ. ಇರ್ಬೇಕು," ಎಂದಳು ಮಗನಿಗೆ, ನಾನು ಕಿವುಡಿಯೇನೋ ಎನ್ನುವ ಹಾಗೆ ನನ್ನೆದುರಿಗೇ. "ಮನ್ಯಾಗೆ ಕೂಸೈತೆ ಕಣ್ರೀ."

ಮರುದಿನವೇ ನನ್ನ ತಟ್ಟೆ, ಲೋಟ ಅಡುಗೆಮನೆಯಿಂದ ಹಿತ್ತಲ ಕಿಟಕಿಗೆ ಬಂದವು. ನನ್ನ ಮದುವೆಯಲ್ಲಿ ಅಣ್ಣ ಹೆಸರು ಕೊರೆಸಿ ಮುಯ್ಯಿ ಕೊಟ್ಟ ತಟ್ಟೆ ಅದು. ಬೇರೆ ಇಡುವುದಕ್ಕೆ ಗುರುತು ಚೆನ್ನಾಗಿಯೇ ಇತ್ತು! ಮಗ ಅಂಗಡಿಯಿಂದ ನೆಗಡಿ ಮಾತ್ರೆ ತಂದು, ಹೊಸ್ತಿಲಾಚೆ ನಿಂತು ನನ್ನ ಹಾಸಿಗೆಯ ಮೇಲೆ ಎಸೆದ. ಅದನ್ನೂ ನುಂಗಿಕೊಂಡೆ. ಆದರೆ ಮೊಮ್ಮಗಳು? ಹುಟ್ಟಿದಾಗಿನಿಂದ ನನ್ನ ಮಗ್ಗುಲಲ್ಲೇ ಮಲಗಿ, ನನ್ನ ಕೈತುತ್ತನ್ನೇ ಉಂಡ ಕೂಸು. ಅದು ನನ್ನ ಕಡೆ ಓಡಿಬಂದಾಗಲೆಲ್ಲ ಸೊಸೆ ರಟ್ಟೆ ಹಿಡಿದು ಎಳೆಯುತ್ತಿದ್ದಳು.

"ಅಜ್ಜಿ ಮುಟ್ಟಿದ್ರೆ ಸಾಯ್ತೀಯ!"

ಅತ್ತರೆ ಬೆನ್ನಿಗೊಂದು ಏಟು. ಕೆಲವು ದಿನ ಅತ್ತ ಕೂಸು ಆಮೇಲೆ ಬರುವುದನ್ನೇ ಬಿಟ್ಟಿತು.

ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಳ್ಳಲು ಮಗ ಒಪ್ಪಲಿಲ್ಲ. ಬಸ್ಸು ಹತ್ತಿ ಒಬ್ಬಳೇ ಚನ್ನಗಿರಿಯ ಆಸ್ಪತ್ರೆಗೆ ಹೋದೆ. ಕೆಮ್ಮಿನ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಅಲ್ಲಿಯ ಡಾಕ್ಟರಮ್ಮ ನನ್ನ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ತೆಗೆಸಿ ನೋಡಿದರು.

"ಟಿ.ಬಿ. ಅಲ್ಲಮ್ಮ. ಈ ಬಿ.ಪಿ. ಮಾತ್ರೆ ಕೆಲವ್ರಿಗೆ ಹಿಂಗೇ ಕೆಮ್ಮು ತರ್ತೈತೆ. ಬೇರೆ ಬರೀತೀನಿ. ಈ ನೆಗಡಿ ಮಾತ್ರೆ ಯಾರು ಕೊಟ್ಟಿದ್ದು? ಇದು ಬಿ.ಪಿ. ಏರಿಸ್ತೈತೆ, ನಿಮ್ಗೆ ಆಗಲ್ಲ."

"ನನ್ನ ಮಗ," ಎಂದೆ. ಹಾಗೆನ್ನಲು ನಾಚಿಕೆಯಾಯಿತು.

ಮಾತ್ರೆ ಬದಲಾದ ಮೇಲೆ ಕೆಮ್ಮು ಮೆಲ್ಲಗೆ ಇಳಿದು ನಿಂತೇಹೋಯಿತು. ತಟ್ಟೆ ಅಡುಗೆಮನೆಗೆ ಮರಳಿತು. ತಪ್ಪಾಯಿತೆಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಸೊಸೆಗೆ ನ್ಯಾಮತಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು, ಕೂಸನ್ನು ನೋಡಿಕೊಳ್ಳುವವರು ಬೇಕಾಗಿದ್ದರು, ಅಷ್ಟೆ.

"ಅತ್ತೆ, ಇವತ್ತು ನೀವೇ ಉಣ್ಸ್ರಿ," ಎಂದು ನನ್ನ ತಟ್ಟೆಗೇ ಅನ್ನ ಹಾಕಿಕೊಟ್ಟಳು. ಎಷ್ಟೊಂದು ಬೈಗುಳ ಕೂಡಿಟ್ಟಿದ್ದೆ! ಕೂಸಿನ ಆಸೆಗೆ ಬಾಯಿ ಮುಚ್ಚಿಕೊಂಡೆ. ಹಾಲು ಹಾಕಿ ಕಲಸಿ, ತುತ್ತು ಮಾಡಿ, "ಬಾ ನನ್ನವ್ವ," ಎಂದು ಕೈ ಚಾಚಿದೆ.

ಕೂಸು ಫ್ರಾಕು ಎತ್ತಿ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿತು.

"ಅಲ್ಲೇ ಕೂತ್ಕ. ಮುಟ್ಬ್ಯಾಡ ನನ್ನ!"

ಅವರಮ್ಮನ ಗದರಿಕೆಯೇ. ಸೊಸೆ ಅದನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಲು ನೋಡಿದಳು. "ಸಾಯ್ತೀನಿ, ಅಮ್ಮಾ, ಸಾಯ್ತೀನಿ," ಎಂದು ಕೂಸು ಕಿರುಚಿಕೊಂಡಿತು.

"ಬಿಡವ್ವ," ಎಂದೆ ಸೊಸೆಗೆ. "ಚೆನ್ನಾಗಿ ಕಲ್ಸಿದೀಯ."

ಕಲಸಿದ ಅನ್ನವನ್ನು ನಾನೇ ಉಂಡೆ. ತಟ್ಟೆ ತೊಳೆದು ಹಿತ್ತಲ ಕಿಟಕಿಯಲ್ಲಿ ಇಟ್ಟೆ.