ಕರಿಬಸಮ್ಮನ ಎಡಗೈ

ಜನ್ನಾಪುರದಲ್ಲಿ ಹಠಮಾರಿಗಳಿಗೇನು ಬರವಿರಲಿಲ್ಲ. ಆದರೆ ಕರಿಬಸಮ್ಮನ ಮುಂದೆ ಅವರೆಲ್ಲ ಬಚ್ಚಾಗಳು ಎಂದು ಹಫೀಜಾ ಹೇಳುತ್ತಿದ್ದಳು. ಬೈಯುವ ಧಾಟಿಯಲ್ಲೇ ಹಫೀಜಾಳ ಮಾತು ಶುರುವಾಗುತ್ತಿತ್ತು. ಮುಗಿಯುವ ಹೊತ್ತಿಗೆ ದನಿ ತಗ್ಗಿ, ಸೆರಗು ತಾನಾಗಿ ತಲೆಯ ಮೇಲೆ ಬಂದಿರುತ್ತಿತ್ತು.

ಹಫೀಜಾ ಲಾರಿ ಮೆಕ್ಯಾನಿಕ್ ಪೀರ್ ಬಾಷಾನ ಹೆಂಡತಿ, ಹೊಳೆಹೊನ್ನೂರಿನ ಹೆಣ್ಣು. ಪಕ್ಕದ ಮನೆಯ ಕರಿಬಸಮ್ಮ ಅವಳಿಗಿಂತ ಬಹಳ ಹಿರಿಯಳು. ಕರಿಬಸಮ್ಮನ ಗಂಡ ಉಜ್ಜನಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ಮಕ್ಕಳಿರಲಿಲ್ಲ. ಎರಡು ಮನೆಗಳ ನಡುವೆ ಒಂದು ಮೋಟುಗೋಡೆ. ಕರಿಬೇವು, ಕಾಫಿಪುಡಿ, ಊರ ಸುದ್ದಿ, ಒಮ್ಮೊಮ್ಮೆ ಬೈಗುಳ, ಎಲ್ಲವೂ ಅದರ ಮೇಲಿಂದ ಆಚೀಚೆ ಓಡಾಡುತ್ತಿದ್ದವು. ಬೇಯಿಸಿದ್ದು ಮಾತ್ರ ಯಾವತ್ತೂ ದಾಟಿರಲಿಲ್ಲ. ಒಂದು ಲಿಂಗಾಯತರ ಮನೆ, ಇನ್ನೊಂದು ಸಾಬರ ಮನೆ. ಯಾಕೆ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಅರವತ್ತೆರಡನೇ ಇಸವಿಯ ಚಳಿಗಾಲದಲ್ಲಿ ಕರಿಬಸಮ್ಮನ ಕೀಲುಗಳು ಊದಿಕೊಂಡವು. ಮೊದಲು ಮಂಡಿ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳುಗಳು. ಎಡಗೈಯದೇ ದೊಡ್ಡ ಗೋಳು. ಬೆಳಿಗ್ಗೆ ಏಳುವಾಗ ಅದು ಬಿಗಿದ ಮುಷ್ಟಿಯಾಗಿರುತ್ತಿತ್ತು. ಬಿಸಿಲೇರಿದ ಮೇಲೆ ಒಂದೊಂದೇ ಬೆರಳು ಸಡಿಲವಾಗುತ್ತಿತ್ತು. ಉಜ್ಜನಪ್ಪ ಅವಳನ್ನು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಕರೆದೊಯ್ದು ಡಾಕ್ಟರಿಗೆ ತೋರಿಸಿದ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಏನಾದರೂ ತಿಂದ ಮೇಲೆಯೇ ನುಂಗಬೇಕು ಎಂದು ಹೇಳಿ ಅವರು ಮಾತ್ರೆ ಕೊಟ್ಟರು. ನಾಲ್ಕು ದಿನಕ್ಕೇ ಅವಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿ, ಮಾತ್ರೆಯ ಪೊಟ್ಟಣ ಗೂಡು ಸೇರಿತು.

ಈ ಕಾಯಿಲೆ ಹಫೀಜಾಳಿಗೆ ಹೊಸದಲ್ಲ. ಅವಳ ತಾಯಿಯನ್ನು ವರ್ಷಗಟ್ಟಲೆ ಹಾಸಿಗೆ ಹಿಡಿಸಿದ್ದು ಇದೇ. ಹುರುಳಿಯನ್ನು ಹುರಿದು ಬೇಯಿಸಿ, ಕಟ್ಟು ಬಸಿದು, ಅದಕ್ಕೆ ನುಗ್ಗೆಸೊಪ್ಪು, ಬೆಳ್ಳುಳ್ಳಿ, ಒಣಶುಂಠಿ, ಮೆಣಸು ಹಾಕಿ ಕುದಿಸಿ, ಬೆಳಿಗ್ಗೆ ಎದ್ದ ಕೂಡಲೇ ಬಿಸಿಬಿಸಿ ಕುಡಿಸಿದರೆ ತಾಯಿಯ ಊತ ಇಳಿಯುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹುಣಸೆಹುಳಿ, ಬದನೆಕಾಯಿ, ಆಲೂಗೆಡ್ಡೆ ಮುಟ್ಟುವ ಹಾಗಿರಲಿಲ್ಲ. ತಮ್ಮ ಮನೆಯ ಪಾತ್ರೆಗಳೆಲ್ಲ ಮಾಂಸ ಕಂಡವು ಎಂದು ಅವಳು ಸಂತೆಯಿಂದ ಹೊಸ ಮಡಕೆ ತಂದು, ಅದರಲ್ಲಿ ಕಟ್ಟು ಕಾಯಿಸಿ, ಬೆಳಗಾಗುತ್ತಲೇ ಕರಿಬಸಮ್ಮನ ಹಿತ್ತಿಲ ಬಾಗಿಲಿಗೆ ಹೋದಳು. ಕರಿಬಸಮ್ಮ ಬಟ್ಟಲನ್ನು ನೋಡಿದಳು, ಇವಳ ಮುಖವನ್ನು ನೋಡಿದಳು, ಈಗ ಬೇಡ ಕಣೆ ಎಂದು ಒಳಗೆ ಹೋಗಿಬಿಟ್ಟಳು. ಮಾರನೆಯ ದಿನವೂ ಅದೇ ಮಾತು. ಹಫೀಜಾಳ ಮೈಯೆಲ್ಲ ಉರಿಯಿತು. ಸಾಬರ ಮನೆಯದು ಎಂದು ತಾನೇ ಬೇಡವಾದದ್ದು, ಬಾಯಿಬಿಟ್ಟು ಹೇಳಲಿ ಎಂದು ಗಂಡನ ಮುಂದೆ ಕೂಗಾಡಿ, ಕಟ್ಟನ್ನೆಲ್ಲ ನುಗ್ಗೆಮರದ ಬುಡಕ್ಕೆ ಸುರಿದಳು.

ಅದೇ ವಾರ ಒಂದು ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಬಟ್ಟೆ ಹರವಲು ಹೋದವಳಿಗೆ ಆಚೆ ಮನೆಯ ತೆರೆದ ಬಾಗಿಲು ಕಂಡಿತು. ಕರಿಬಸಮ್ಮ ಮಣೆಯ ಮೇಲೆ ಕೂತಿದ್ದಳು. ಹಣೆಯಲ್ಲಿ ವಿಭೂತಿ, ಬೆಳಿಗ್ಗೆ ಮಿಂದ ತಲೆ ಅಷ್ಟೊತ್ತಿಗೆ ಒಣಗಿಹೋಗಿತ್ತು. ತೊಡೆಯ ಮೇಲೆ ಎಡಗೈ ಮುಷ್ಟಿ. ಅದರ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸುತ್ತಿದ್ದಳು. ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಾಯಲ್ಲಿ ಒಂದು ಅಯ್ಯೋ ಇರಲಿಲ್ಲ.

ಹಿತ್ತಿಲ ಜಗಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ ಉಜ್ಜನಪ್ಪನೇ ವಿಷಯ ಹೇಳಿದ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡಗೈ ಅಂಗೈಯಲ್ಲಿ ಕೂರಿಸಿ, ನೆಟ್ಟ ನೋಟದಲ್ಲಿ ಪೂಜೆ ಮಾಡಬೇಕು. ಪೂಜೆಯಾಗದೆ ಅವಳು ತೊಟ್ಟು ನೀರೂ ಕುಡಿಯುವುದಿಲ್ಲ. ಚಿಕ್ಕಂದಿನಲ್ಲಿ ಲಿಂಗಧಾರಣೆಯಾದ ದಿನದಿಂದ ಒಮ್ಮೆಯೂ ತಪ್ಪಿಸಿದವಳಲ್ಲ. ಈಗ ಅಂಗೈ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅಲ್ಲಿಯವರೆಗೂ ಖಾಲಿ ಹೊಟ್ಟೆ. ಆಮೇಲೆ ಎರಡು ಹೊತ್ತಿನ ಮಾತ್ರೆಯನ್ನೂ ಒಟ್ಟಿಗೇ ನುಂಗಿದ್ದಳಂತೆ.

ಹಫೀಜಾ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು. ರಂಜಾನಿನಲ್ಲಿ ಅವಳೂ ಉಪವಾಸ ಇರುವವಳೇ. ಆದರೆ ಆಗ ಕೇರಿಯೆಲ್ಲ ಜೊತೆಗಿರುತ್ತದೆ, ಸಂಜೆಗೆ ಬಿಡುತ್ತೇವೆ ಎಂಬ ಧೈರ್ಯ ಇರುತ್ತದೆ. ಈ ಹೆಂಗಸು ಒಬ್ಬಳೇ ಕೂತು, ಬಿಚ್ಚುತ್ತದೋ ಇಲ್ಲವೋ ಗೊತ್ತಿಲ್ಲದ ಒಂದು ಕೈಗಾಗಿ ದಿನಾ ಕಾಯುತ್ತಿದ್ದಾಳೆ. ಇವಳ ಬಗ್ಗೆ ತಾನು ಆಡಿದ ಮಾತೇನು, ಇವಳು ಕೂತಿರುವ ಎತ್ತರವೇನು ಎಂದು ಅವಳಿಗೆ ಮೈ ಜುಂ ಎಂದಿತು.

ಆದರೆ ಬೆಳಗಿನ ಬಿಸಿ ಕಟ್ಟು ಹೊಟ್ಟೆಗೆ ಬೀಳದೆ ಕೈ ಬಿಚ್ಚುವುದಿಲ್ಲ, ಕೈ ಬಿಚ್ಚದೆ ಕಟ್ಟು ಹೊಟ್ಟೆಗೆ ಬೀಳುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುವ ಕತೆ. ಹೀಗೇ ಬಿಟ್ಟರೆ ಆ ಕೈ ಒಂದು ದಿನ ಮಧ್ಯಾಹ್ನವಾದರೂ ಬಿಚ್ಚುವುದಿಲ್ಲ, ಅವತ್ತಿನಿಂದ ಇವಳು ಊಟವನ್ನೇ ಬಿಡುತ್ತಾಳೆ ಎಂಬುದು ಉಜ್ಜನಪ್ಪನ ಭಯ. ಅದು ಸುಳ್ಳೆನ್ನಲು ಹಫೀಜಾಳಿಗೂ ಧೈರ್ಯವಿರಲಿಲ್ಲ.

ಸಂಜೆ ಅವಳು ಗೋಡೆಯ ಹತ್ತಿರ ನಿಂತು ತನ್ನ ತಾಯಿಯ ಸುದ್ದಿ ತೆಗೆದಳು. ಮಂಡಿ ಮಡಚಲಾರದೆ ತಾಯಿ ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡಿದಳು, ಕೂರಲಾರದೆ ಹೋದಾಗ ಮಲಗಿಕೊಂಡೇ ಮಾಡಿದಳು. ಕೊನೆಕೊನೆಗೆ ಬಗ್ಗುವ ಜಾಗದಲ್ಲಿ ಬರೀ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಕೈಲಾದಷ್ಟು ಮಾಡಿದರೆ ಸಾಕು ಎಂದು ಅವರಲ್ಲಿ ಹಿರಿಯರು ಹೇಳುತ್ತಿದ್ದರು.

"ಅದನ್ನ ನಿಮ್ಮ ದೇವರು ಒಪ್ಪಿಕೊಂಡ್ನಾ?" ಎಂದು ಕರಿಬಸಮ್ಮ ಕೇಳಿದಳು.

"ಅದು ಅವನಿಗೇ ಗೊತ್ತು ಅಕ್ಕಾ. ನಮ್ಮಮ್ಮ ಮಾತ್ರ ಒಂದು ದಿನಾನೂ ಉಪವಾಸ ಮಲಗ್ಲಿಲ್ಲ."

ಕರಿಬಸಮ್ಮ ಒಳಗೆ ಹೋದಳು. ಮಠದ ಅಯ್ಯನವರನ್ನು ಒಂದು ಮಾತು ಕೇಳೋಣವೇ ಎಂದು ಉಜ್ಜನಪ್ಪ ರಾಗ ತೆಗೆದದ್ದಕ್ಕೆ, ಕೇಳಿದರೆ ತಾನೇ ಬೇಡ ಅನ್ನುವುದು ಎಂದು ಅವನ ಬಾಯಿ ಮುಚ್ಚಿಸಿದಳಂತೆ.

ಮಾರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ಕರೆ ಬಂತು. ಹಫೀಜಾ ಮತ್ತೆ ಕಾಯಿಸಿಟ್ಟಿದ್ದ ಕಟ್ಟಿನ ಬಟ್ಟಲು ಹಿಡಿದು ಓಡಿದಳು. ಕರಿಬಸಮ್ಮ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಮಡಚಿದ ಹೆಬ್ಬೆರಳು ತೋರುಬೆರಳುಗಳ ನಡುವಿನ ಸಣ್ಣ ಕುಳಿಯಲ್ಲಿ, ಪೀಠದ ಮೇಲೆ ಕೂತಂತೆ, ಲಿಂಗ ಕೂತಿತ್ತು. ಅವಳ ನೋಟ ಅಲುಗಲಿಲ್ಲ. ಪೂಜೆ ಮುಗಿಸಿ ಬಟ್ಟಲನ್ನು ಲಿಂಗಕ್ಕೆ ತೋರಿಸಿದಳು.

"ಲಿಂಗಕ್ಕೆ ಕೊಟ್ಟ ಮೇಲೆ ಇದು ಪ್ರಸಾದ ಕಣೆ ಮಾರಾಯ್ತಿ. ಯಾರ ಮನೇದು ಅಂತ ಕೇಳೋ ಹಾಗಿಲ್ಲ," ಎಂದು ಗಟಗಟನೆ ಕುಡಿದಳು.

ಅಲ್ಲಿಂದ ಆ ಮನೆಗೆ ಪಥ್ಯದ ರಾಜ್ಯಭಾರ. ಹುಣಸೆಹುಳಿ ಇಲ್ಲದ ಸಾರು ಉಂಡು ಉಂಡು ಉಜ್ಜನಪ್ಪನ ಮುಖವೇ ಹುಳಿಯಾಯಿತು. ಬಟ್ಟಲು ದಿನಾ ಗೋಡೆ ದಾಟಿತು. ಕೇರಿಯಲ್ಲಿ ಗುಸುಗುಸು ಎದ್ದಾಗ, ಬೇಕಿದ್ದವರು ಬಂದು ಎದುರಿಗೇ ಕೇಳಲಿ ಎಂದಳು ಕರಿಬಸಮ್ಮ. ಅವಳ ಎದುರಿಗೆ ಬಂದು ಕೇಳುವ ಗಂಡೆದೆ ಜನ್ನಾಪುರದಲ್ಲಿ ಯಾರಿಗಿತ್ತು? ಬೆಳಿಗ್ಗೆಯೇ ಹೊಟ್ಟೆಗೆ ಏನಾದರೂ ಬೀಳುವಂತಾದ ಮೇಲೆ ಮಾತ್ರೆಯೂ ಒಗ್ಗಿತು. ಬೇಸಿಗೆಯಲ್ಲಿ ಮಂಡಿಯ ಊತ ಇಳಿಯಿತು. ಮಳೆ ಹಿಡಿದಾಗ ನೋವು ಮತ್ತೆ ತಲೆಯೆತ್ತಿತು. ಕಟ್ಟೋ, ಪಥ್ಯವೋ, ಮಾತ್ರೆಯೋ, ಇಲ್ಲ ಆ ಹೆಂಗಸಿನ ಛಲವೋ, ಯಾವುದು ಎಷ್ಟು ಕೆಲಸ ಮಾಡಿತು ಎಂದು ಹಫೀಜಾಳಿಗೆ ಕೊನೆಗೂ ಬಗೆಹರಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಕಟ್ಟು ತಂದಾಗ ಕರಿಬಸಮ್ಮ ಮಣೆಯ ಮೇಲೆ ಕೂತಿದ್ದಳು. ಇನ್ನೂ ಬಿಸಿಲು ಬಂದಿರಲಿಲ್ಲ. ಅವಳ ಎಡಗೈ ಬಿಚ್ಚಿತ್ತು. ಕಿರುಬೆರಳೊಂದು ಸೊಟ್ಟಗೇ ಉಳಿದಿತ್ತು, ಮಿಕ್ಕವು ಚಾಚಿಕೊಂಡಿದ್ದವು. ಅಂಗೈಯಲ್ಲಿ ಉಗುರು ಒತ್ತಿ ಒತ್ತಿ ಬಿದ್ದ ಕಪ್ಪು ಕಲೆಗಳು. ಆ ಕಲೆಗಳ ನಡುವೆ ಲಿಂಗ ಕೂತಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಉಜ್ಜನಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಹೊಸಿಲಾಚೆಯೇ ನಿಂತುಬಿಟ್ಟಿದ್ದ. ಕರಿಬಸಮ್ಮ ಇಬ್ಬರನ್ನೂ ನೋಡಲಿಲ್ಲ.

ಹೊತ್ತು ಹೋಗುತ್ತಲೇ ಇತ್ತು. ಹಫೀಜಾಳ ಕೈಯಲ್ಲಿದ್ದ ಬಟ್ಟಲಿನ ಹಬೆ ಕಮ್ಮಿಯಾಗಿ ನಿಂತುಹೋಯಿತು. ಆರಿದ ಕಟ್ಟು ಕುಡಿದರೆ ಪ್ರಯೋಜನವಿಲ್ಲ ಎಂದು ದಿನಾ ಬೆನ್ನುಹತ್ತಿ ಕುಡಿಸುತ್ತಿದ್ದವಳು ಅಂದು ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಲ್ಲೇ ನೆಲದ ಮೇಲೆ ಕೂತಳು.