ಮಹಾದೇವಿಗೆ ಸಿಗದ ಹೈಸ್ಕೂಲು

“ಸಾಹೇಬ್ರ, ಈ ಹಾರ ನನಗ ಯಾಕ್ರಿ?” ಎಂದು ಶಾಂತಮ್ಮ ವೇದಿಕೆಯ ಮೇಲೆಯೇ ಕೇಳಿದಾಗ ಚಪ್ಪಾಳೆ ನಿಂತುಹೋಯಿತು.

ಭಾಲ್ಕಿ ತಾಲ್ಲೂಕಿನ ನಮ್ಮೂರಲ್ಲಿ ಅಂದು ಹೈಸ್ಕೂಲಿನ ಭೂಮಿಪೂಜೆ. ಹೈಸ್ಕೂಲು ಬೇಕೆಂದು ಎಲ್ಲರಿಗಿಂತ ಮೊದಲು ಕೇಳಿದವರು ಶಾಂತಮ್ಮ. ಆಗ ಅವರ ಮಗಳು ಮಹಾದೇವಿ ಊರಿನ ಶಾಲೆಯಲ್ಲಿ ನನ್ನ ಹತ್ತಿರ ಏಳನೆಯ ತರಗತಿ ಓದುತ್ತಿದ್ದಳು. ಮುಂದೆ ಓದಲು ಬೇರೆ ಊರಿಗೆ ಹೋಗಬೇಕು, ಬಸ್ಸಿಲ್ಲ. ಅದು ಹಿಂದಿನ ವಿಧಾನಸಭೆಯ ಕಾಲ. ಒಂದೇ ಅವಧಿಯಲ್ಲಿ ಮೂವರು ಮುಖ್ಯಮಂತ್ರಿಗಳಾದರು. ಪ್ರತಿ ಸಲವೂ ಅರ್ಜಿ ಹಿಡಿದು ಹೋದ ಆಕೆಗೆ ಬೀದರಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಸಿಕ್ಕ ಉತ್ತರ ಒಂದೇ: “ಹೊಸ ಸರ್ಕಾರ ಬಂದದ, ಮತ್ತ ಅರ್ಜಿ ಕೊಡ್ರಿ.” ಕೊನೆಗೆ ಮನೆಯಲ್ಲೇ ಉಳಿದ ಹುಡುಗಿಯನ್ನು ಔರಾದಿಗೆ ಮದುವೆ ಮಾಡಿಕೊಟ್ಟರು.

ಹಾರ ಹಿಡಿದಿದ್ದ ಮುಖಂಡರು ನಗುತ್ತ, “ನೀವು ಕೇಳಿದ್ದು ಬಂತಲ್ಲ ಶಾಂತಮ್ಮಾ” ಎಂದರು.

“ನಾ ಕೇಳಿದ್ದು ನನ್ನ ಮಗಳು ಓದ್ಲಿ ಅಂತರಿ. ಆಕಿ ಈಗ ಎರಡು ಮಕ್ಕಳ ತಾಯಿ ಆಗ್ಯಾಳ. ಸಾಲಿ ಕಟ್ರಿ, ನನಗ ಹಾರ ಬ್ಯಾಡ್ರಿ.” ಇಷ್ಟು ಹೇಳಿ ಆಕೆ ಕೆಳಗಿಳಿದು, ಯಾರನ್ನೂ ನೋಡದೆ ಮನೆಗೆ ಹೋದರು.

ವಿಧಾನಸಭೆಯ ಅವಧಿ ಐದು ವರ್ಷ ಎಂದು ನಾನು ಇಂದಿಗೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಷ್ಟರಲ್ಲಿ ಒಬ್ಬ ಹುಡುಗಿಯ ಓದುವ ವಯಸ್ಸೇ ಮುಗಿದುಹೋಗುತ್ತದೆ ಎಂಬುದನ್ನು ಮಾತ್ರ ಹೇಳಲು ನಾಲಿಗೆ ಏಳುವುದಿಲ್ಲ.