ಸಿಡಾರನಿಗೊಂದು ಬಟ್ಟಲು

ನನ್ನ ಗೆಳತಿ ಯುಜೆಫಾ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಗಂಡ ಸತ್ತ ಮೇಲೆ ನಮ್ಮೂರಿನ ಕವಿಮನೆ ಕಾಯುವ ಕೆಲಸಕ್ಕೆ ಸೇರಿ, ಕೊನೆಯವರೆಗೂ ಅಲ್ಲೇ ಇದ್ದವಳು.

ಕವಿಮನೆ ಎಂದರೆ ನ್ಯೋಮನ್ ನದಿಯ ದಂಡೆಯ ಮೇಲಿನ ಎರಡು ಕೋಣೆಯ ಮರದ ಮನೆ. ಕವಿ ಸಿಡಾರ್ ಝಬ್ರೋವಿಚ್ ಹುಟ್ಟಿದ್ದು ಅಲ್ಲಿ. ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಸರ್ಕಾರದ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ. ನಾನು ಶಾಲೆಯಲ್ಲಿ ಅವನ ಪದ್ಯ ಕಲಿಸುತ್ತಿದ್ದೆ. ಯುಜೆಫಾ ಅವನ ಒಲೆಯ ಧೂಳು ಒರೆಸುತ್ತಿದ್ದಳು, ಟಿಕೆಟ್ ಹರಿಯುತ್ತಿದ್ದಳು. ನೋಡಲು ಬರುವವರು ಕಡಿಮೆ. ದಿನವೆಲ್ಲ ಕಿಟಕಿಯ ಪಕ್ಕ ಒಬ್ಬಳೇ ಕೂತು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು.

ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ಗೋಡೆಯ ಮೇಲಿನ ಕವಿಯ ಫೋಟೊ ತೋರಿಸಿ ಕೇಳಿದಳು: “ಅಜ್ಜಿ, ಇವರು ನಿಮ್ಮ ಗಂಡನಾ?”

“ಆಗಿದ್ದಿದ್ರೆ ಕೋಟಿನ ಗುಂಡಿ ಹಂಗೆ ನೇತಾಡೋಕೆ ನಾನು ಬಿಡ್ತಿದ್ನೇನೇ?”

ನವೆಂಬರಿನಲ್ಲಿ ನಮಗೆ ಜಾದಿ ಬರುತ್ತದೆ. ಸತ್ತ ಹಿರಿಯರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವ ಸಂಜೆ. ಪ್ರತಿ ಅಡುಗೆಯ ಮೊದಲ ಚಮಚ ಅವರ ಬಟ್ಟಲಿಗೆ. ಯುಜೆಫಾ ಗಂಡನ ಹೆಸರಾದ ಮೇಲೆ ಸಿಡಾರನನ್ನೂ ಕರೆಯುತ್ತಿದ್ದಳು.

“ಅವನೇನು ನಿನ್ನ ನೆಂಟನಾ?” ಎಂದು ನಾನು ರೇಗಿಸುತ್ತಿದ್ದೆ.

“ಅವನ ನೆಂಟರು ಹೆದ್ರಿ ಮನೆತನದ ಹೆಸ್ರೇ ಬದಲಾಯಿಸ್ಕೊಂಡ್ರಲ್ಲ. ಇನ್ನು ನೀನು ಕರೀತೀಯಾ? ಪರೀಕ್ಷೇಲಿ ಅವನ ಮೇಲೆ ಪ್ರಶ್ನೆ ಕೇಳ್ತೀಯ ಅಷ್ಟೇ, ಟೀಚರಮ್ಮ.”

ಹೋದ ವರ್ಷದ ಊಟದಲ್ಲಿ ನನ್ನ ಚಮಚ ಕೆಳಗೆ ಬಿತ್ತು. ಬಗ್ಗಿದೆ. ಅವಳು ತೋಳು ಹಿಡಿದಳು.

“ಮುಟ್ಬೇಡ್ವೇ! ಊಟಕ್ಕೆ ಬಂದ ಹಿರಿಯರು ಯಾರೋ ತಗೊಂಡಿದಾರೆ. ಅವರ ಕೈಯಿಂದ ಕಿತ್ಕೋತೀಯಾ?” ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು: “ನಾನು ಹೋದ್ಮೇಲೆ ಸಿಡಾರನನ್ನ ಯಾರೇ ಕರೀತಾರೆ?”

“ಸೂಪು ಆರ್ತಿದೆ, ಕುಡಿ ಮೊದ್ಲು” ಎಂದೆ.

ಅವಳಿಗೆ ಮಕ್ಕಳಿರಲಿಲ್ಲ. ಈ ನವೆಂಬರಿನಲ್ಲಿ ನಾನೇ ಬಾರ್ಲಿ ಬೇಯಿಸಿ ಜೇನು ಬೆರೆಸಿದೆ. ಅವರು ಒಳಗೆ ಬರಲೆಂದು ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟೆ. ಅಪ್ಪ ಅಮ್ಮನನ್ನು ಕರೆದೆ. ಯುಜೆಫಾಳನ್ನು ಕರೆದೆ. ಆಮೇಲೆ ಸಿಡಾರನನ್ನು. ವರ್ಷಗಟ್ಟಲೆ ಪಾಠದಲ್ಲಿ ಹೇಳಿದ ಹೆಸರು. ಬಾ ಎಂದು ಕರೆದದ್ದು ಇದೇ ಮೊದಲು.

ನದಿಯ ಕಡೆಯಿಂದ ಥಂಡಿ ಗಾಳಿ ಬರುತ್ತಿತ್ತು. ಚಮಚವನ್ನು ಸಡಿಲವಾಗಿ ಹಿಡಿದು, ನಿಧಾನವಾಗಿ ಉಂಡೆ. ಅದು ಬೀಳಲಿಲ್ಲ. ಅವರಿಗೆ ಬಡಿಸಿದ ಬಟ್ಟಲನ್ನು ಮೇಜಿನ ಮೇಲೆಯೇ ಬಿಟ್ಟು, ಕಿಟಕಿಯನ್ನು ಮುಚ್ಚದೆ ಮಲಗಿದೆ.